ಯಾರೂ ಹತ್ತದ ಏಣಿ

ಚಲುವಯ್ಯನಿಗೆ ಎತ್ತರ ಅಂದರೆ ಆಗದು. ಹಾನುಬಾಳಿನಲ್ಲಿ ಬಸ್ಸಿನ ಟಾಪಿಗೆ ಒಂದು ಮೂಟೆ ಹಾಕಬೇಕಾದರೂ ಇನ್ನೊಬ್ಬರನ್ನು ಕರೆಯುತ್ತಿದ್ದ. ನಾಲ್ಕು ಎಕರೆ ಕಾಫಿ, ಅದರ ನಡುವೆ ಇನ್ನೂರು ಸಿಲ್ವರ್ ಮರ, ಮರಕ್ಕೊಂದು ಮೆಣಸಿನ ಬಳ್ಳಿ. ಇಷ್ಟನ್ನು ಇಟ್ಟುಕೊಂಡವನು ನೆಲ ಬಿಟ್ಟು ಮೂರಡಿ ಏರಲಾರ ಎಂದರೆ ಈಜು ಬಾರದವನು ದೋಣಿ ಕೊಂಡ ಹಾಗೆ. ನಾನು ಅವನ ಮೆಣಸನ್ನು ಇಪ್ಪತ್ತು ವರ್ಷ ಕೊಂಡವನು. ಅವನನ್ನು ಆಡಿಕೊಂಡು ನಕ್ಕವರಲ್ಲಿ ಮೊದಲನೆಯವನೂ ಬಹುಶಃ ನಾನೇ.

ಆಳುಗಳು ಸಿಕ್ಕಿದ ವರ್ಷ ಆಳುಗಳು ಹತ್ತುತ್ತಿದ್ದರು. ೧೯೯೮ರ ಫೆಬ್ರವರಿಯಲ್ಲಿ ಯಾರೂ ಸಿಗಲಿಲ್ಲ. ದೊಡ್ಡ ಎಸ್ಟೇಟಿನವರು ಜೀಪು ಕಳಿಸಿ ಇದ್ದಬದ್ದವರನ್ನೆಲ್ಲ ತುಂಬಿಕೊಂಡು ಹೋಗಿದ್ದರು. ಬಳ್ಳಿಯಲ್ಲಿ ಕಾಳು ಕೆಂಪಾಗಿ ಹಕ್ಕಿ ಬೀಳತೊಡಗಿತ್ತು. ಅವನ ಹೆಂಡತಿ ಸುಲೋಚನಮ್ಮ ಎರಡು ದಿನ ನೋಡಿ, ಮೂರನೆಯ ದಿನ ಸೀರೆ ಎತ್ತಿ ಕಟ್ಟಿದಳು.

'ನೀವು ಕಣದಲ್ಲಿ ಕಾಫಿ ಕೈಯಾಡುಸ್ತಾ ಇರಿ. ಕಣ ಎತ್ರ ಇಲ್ಲ, ತಲೆ ತಿರುಗಾಕಿಲ್ಲ' ಅಂದಳಂತೆ.

ಮೆಣಸು ಕೊಯ್ಯುವ ಏಣಿ ಎಂದರೆ ಉದ್ದನೆಯ ಒಂದೇ ಬಿದಿರು. ಗೆಣ್ಣಿನ ಪಕ್ಕದ ಕೊಂಬೆಗಳನ್ನು ಗೇಣುದ್ದ ಉಳಿಸಿ ಸವರಿದರೆ ಅವೇ ಮೆಟ್ಟಿಲು. ಮರಕ್ಕೆ ಒರಗಿಸಿದರೆ ತಿರುಗುತ್ತದೆ, ಅದಕ್ಕೇ ಬುಡದಲ್ಲಿ ಒಬ್ಬರು ಎರಡೂ ಕೈಯಲ್ಲಿ ಹಿಡಿದು ನಿಲ್ಲಬೇಕು. ಆ ದಿನ ನಿಂತವಳು ಮಗಳು ಗಗನಾ. ಹದಿನೈದು ವರ್ಷ, ಮುಂದಿನ ತಿಂಗಳು ಎಸ್ಸೆಸ್ಸೆಲ್ಸಿ ಪರೀಕ್ಷೆ.

ಹನ್ನೊಂದು ಗಂಟೆ ಹೊತ್ತಿಗೆ ಮೇಲಿನಿಂದ ಕೆಂಜಿಗದ ಗೂಡೊಂದು ಕಳಚಿ ಗಗನಾಳ ಕುತ್ತಿಗೆ ಮೇಲೆ ಬಿತ್ತು. ಹುಡುಗಿ ಒಂದು ಕೈ ಬಿಟ್ಟಳು, ಆಮೇಲೆ ಇನ್ನೊಂದನ್ನೂ. ಇರುವೆ ಕೊಡವಿಕೊಂಡು ಕಣ್ಣು ಬಿಡುವಷ್ಟರಲ್ಲಿ ಅವ್ವ ಕಾಫಿ ಗಿಡದ ಮೇಲೆ, ಗಿಡದಿಂದ ಕಲ್ಲಿನ ಮೇಲೆ. ಏಣಿ ಎರಡು ತುಂಡಾಗಿ ಪಕ್ಕದಲ್ಲಿ ಬಿದ್ದಿತ್ತು. ಚಲುವಯ್ಯ ಕಣದಿಂದ ಓಡಿ ಬಂದಾಗ ಸುಲೋಚನಮ್ಮನಿಗೆ ಉಸಿರಿರಲಿಲ್ಲ.

'ಅಪ್ಪ, ನಾನು ಕೈ ಬುಟ್ಬುಟ್ಟೆ' ಅಂದಳು ಮಗಳು.

ಚಲುವಯ್ಯ ಮುರಿದ ಬಿದಿರನ್ನು ನೋಡಿದ. ಮುರಿದ ಬಾಯಿಂದ ಕಡಲೆ ಹಿಟ್ಟಿನಂಥ ಹುಡಿ ಸುರಿಯುತ್ತಿತ್ತು. ಕುಟ್ಟೆ ಹುಳು ತಿಂದ ಬಿದಿರು.

ನಮ್ಮ ಕಡೆ ಬಿದಿರನ್ನು ಅಮಾವಾಸ್ಯೆಯ ಆಸುಪಾಸಿನಲ್ಲಿ ಕಡಿಯುತ್ತಾರೆ. ಹುಣ್ಣಿಮೆ ಕಡೆ ಕಡಿದರೆ ಹುಳು ಬೀಳುತ್ತದೆ. ಕಡಿದ ಮೇಲೆ ಹದಿನೈದು ದಿನವಾದರೂ ಹೊಂಡದ ನೀರಲ್ಲಿ ಮುಳುಗಿಸಿಡುತ್ತಾರೆ. ಇದು ಚಡ್ಡಿ ಹಾಕುವ ಮಕ್ಕಳಿಗೂ ಗೊತ್ತು, ಚಲುವಯ್ಯನಿಗೂ ಗೊತ್ತಿತ್ತು. ಹಿಂದಿನ ಸುಗ್ಗಿಯಲ್ಲಿ ಅವಸರ ಬಿದ್ದು ಹುಣ್ಣಿಮೆಗೆ ಮೂರು ದಿನ ಇರುವಾಗ ಎರಡು ಬಿದಿರು ಕಡಿದ, ನೀರಿಗೂ ಹಾಕಲಿಲ್ಲ. ಹತ್ತುವವನು ತಾನಲ್ಲವಲ್ಲ.

ಮಗಳಿಗೆ ಅವನು ಹೇಳಿದ್ದು ಇಷ್ಟೇ: 'ಸುಮ್ನಿರು. ಯಾರ್ಗೂ ಹೇಳ್ಬೇಡ.'

ಊರವರು ಹೆಣ ಹೊತ್ತುಕೊಂಡು ಮನೆಯ ಕಡೆ ನಡೆದರು. ಚಲುವಯ್ಯ ಹಿಂದೆ ಉಳಿದು, ಅವರು ಬರುವ ಮೊದಲೇ ಕಾಫಿ ಗಿಡದ ಸಂದಿಗೆ ತಳ್ಳಿದ್ದ ಆ ಎರಡು ತುಂಡನ್ನೂ ಹಿತ್ತಲ ದಾರಿಯಲ್ಲಿ ತಂದು ಬಚ್ಚಲ ಹಂಡೆಯ ಒಲೆಗೆ ಒಟ್ಟಿದ. ಕೇಳಿದವರಿಗೆಲ್ಲ 'ಕಾಲು ಜಾರ್ತು' ಅಂದ. ಊರು ನಂಬಿತು. ಮಗಳು ನಂಬಿದ್ದು ಬೇರೆ: ಅವ್ವನನ್ನು ಕೊಂದವಳು ನಾನು, ಅಪ್ಪ ನನ್ನನ್ನು ಮುಚ್ಚಿಡುತ್ತಿದ್ದಾನೆ.

ಇದನ್ನೆಲ್ಲ ನಾನು ಬಹಳ ದಿನದ ಮೇಲೆ ಅವನ ಬಾಯಿಂದಲೇ ಕೇಳಿದ್ದು. ಆಗ ನನಗೂ ಕಾಲು ಜಾರಿದ ಕಥೆಯೇ.

ತಿಥಿ ಮುಗಿದ ಮಾರನೆಯ ಬೆಳಗ್ಗೆ ಗಗನಾ ತೋಟಕ್ಕೆ ಹೋದಳು. ಎರಡನೆಯ ಏಣಿ ಇನ್ನೊಂದು ಮರಕ್ಕೆ ಒರಗಿಸಿದ್ದು ಹಾಗೇ ಇತ್ತು. ಅದರ ಬುಡದಲ್ಲಿ ನಿಂತು ಎರಡೂ ಕೈಯಲ್ಲಿ ಹಿಡಿದಳು. ಮಧ್ಯಾಹ್ನ ಆಯಿತು, ಬಿಡಲಿಲ್ಲ. ಸಂಜೆ ಚಲುವಯ್ಯ ಬೆರಳು ಒಂದೊಂದಾಗಿ ಬಿಡಿಸಿ ಮನೆಗೆ ಕರೆತಂದ. ಬೆಳಗ್ಗೆ ಮತ್ತೆ ಅಲ್ಲೇ.

ಪರೀಕ್ಷೆ ಬಂತು, ಹೋಯಿತು. ಮಳೆ ಹಿಡಿಯಿತು. ಹುಡುಗಿ ಕಂಬಳಿ ಕೊಪ್ಪೆ ಹೊದ್ದು ಅಲ್ಲೇ ನಿಂತಳು. ಅಪ್ಪ ಪಕ್ಕದಲ್ಲಿ ಕೊಡೆ ಹಿಡಿದು ನಿಂತ. ಒಂದು ಸಲ ಏಣಿಯನ್ನು ಬಚ್ಚಿಟ್ಟು ನೋಡಿದ. ಮೂರು ದಿನ ಅವಳು ನೀರೂ ಮುಟ್ಟಲಿಲ್ಲ. ನಾಲ್ಕನೆಯ ದಿನ ತಾನೇ ಹೊತ್ತು ತಂದು ಅದೇ ಮರಕ್ಕೆ ಒರಗಿಸಿದ. ನಿಂಬೆಹಣ್ಣು ಮಂತ್ರಿಸುವವನು ಬಂದ, ತಾಯತ ಕಟ್ಟಿದ, ಕೋಳಿ ತಿಂದು ಹೋದ. ಹಾಸನದ ಡಾಕ್ಟರು ಮಾತ್ರೆ ಕೊಟ್ಟರು. 'ಹುಡುಗಿ ಮನಸ್ಸಿನಲ್ಲಿ ಏನೋ ಇದೆ, ಕೂತು ಮಾತಾಡಿಸಿ' ಎಂದೂ ಹೇಳಿದರು. ಮಾತ್ರೆಯನ್ನು ಚಲುವಯ್ಯ ತಪ್ಪದೆ ಕೊಟ್ಟ. ಮಾತು ಮಾತ್ರ ಆಡಲಿಲ್ಲ.

ದೀಪಾವಳಿ ಕಳೆದ ಮೇಲೆ, ಆ ಸಲದ ಫಸಲು ಹೇಗಿದೆ ನೋಡೋಣ ಎಂದು ನಾನು ಅವನ ತೋಟಕ್ಕೆ ಹೋದೆ. ವ್ಯಾಪಾರಿಗೆ ಸೂತಕ ಹನ್ನೊಂದೇ ದಿನ. ಬಳ್ಳಿಗಳು ತೂಗುತ್ತಿದ್ದವು. ಹುಡುಗಿ ನಿಂತಿದ್ದಳು. ಮುಂಗೈ ಕಡ್ಡಿಯಾಗಿತ್ತು, ಅಂಗೈ ಮಾತ್ರ ಕೂಲಿಯವರ ಹಾಗೆ ದಡ್ಡುಗಟ್ಟಿತ್ತು.

'ಏನವ್ವ, ಮ್ಯಾಲೆ ಯಾರೂ ಇಲ್ವಲ್ಲ?' ಅಂದೆ, ಸುಮ್ಮನೆ ಮಾತಿಗೆ.

'ಅವ್ವ ಅವ್ಳೆ' ಅಂದಳು. 'ಭಾರ ಬತ್ತೈತೆ. ಮುಟ್ಟಿ ನೋಡಿ, ಸಾವ್ಕಾರ್ರೆ.'

ತೂಕದ ವಿಷಯದಲ್ಲಿ ನನಗೆ ಯಾರೂ ಟೋಪಿ ಹಾಕಿಲ್ಲ. ಮೂಟೆಯನ್ನು ಮೊಣಕಾಲಿಂದ ಒತ್ತಿ ಇಷ್ಟೇ ಕೆಜಿ ಎಂದು ಹೇಳಬಲ್ಲೆ. ನಗುತ್ತಲೇ ಬಿದಿರಿನ ಮೇಲೆ ಕೈ ಇಟ್ಟೆ. ಅದು ಬರೀ ಬಿದಿರಿನ ತೂಕ ಆಗಿರಲಿಲ್ಲ. ಕೆಳಕ್ಕೆ ಒತ್ತುತ್ತಿತ್ತು, ಸಣ್ಣಗೆ ಅದುರುತ್ತಿತ್ತು, ಮೇಲಿದ್ದವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ ಹಾಗೆ. ತುದಿಗೆ ಬಳ್ಳಿ ಸುತ್ತಿಕೊಂಡಿದ್ದಿರಬೇಕು, ಗಾಳಿಗೆ ಎಳೆಯುತ್ತಿರಬೇಕು. ದಾರಿಯುದ್ದಕ್ಕೂ ನನಗೆ ನಾನೇ ಹಾಗೆಂದು ಹೇಳಿಕೊಂಡು ಬಂದೆ. ಆ ದಿನ ಗಾಳಿ ಇತ್ತೇ ಎಂದು ಮಾತ್ರ ನೆನಪು ಮಾಡಿಕೊಳ್ಳಲು ಹೋಗಲಿಲ್ಲ.

ಭೂತಮ್ಮನನ್ನು ಆ ಮನೆಗೆ ಕಳಿಸಿದವನು ನಾನು. ಪುಣ್ಯಕ್ಕಾಗಿ ಅಲ್ಲ, ಅವನ ಮೆಣಸು ಹಕ್ಕಿಯ ಪಾಲಾಗುವುದು ನನಗೆ ಇಷ್ಟವಿರಲಿಲ್ಲ. ಭೂತಮ್ಮ ಬಿಸಿಲೆಯವಳು, ವಯಸ್ಸು ಮೂವತ್ತಾರರ ಸುಮಾರು. ಗಂಡ ಸತ್ತು ಎಂಟು ವರ್ಷ, ಮಕ್ಕಳಿಲ್ಲ. ಅವಳ ಅಪ್ಪ ಕಾಡಿನಿಂದ ಜೇನು, ರಾಂಪತ್ರೆ ತಂದು ನನ್ನ ಅಂಗಡಿಗೆ ಹಾಕುತ್ತಿದ್ದ. ಗಂಡುಮಕ್ಕಳಿಲ್ಲದ್ದಕ್ಕೆ ಮಗಳನ್ನೇ ಮರ ಹತ್ತಿಸಿ ಬೆಳೆಸಿದ್ದ. ಮೆಣಸು ಕೊಯ್ಯಲು ಹೆಂಗಸು ಹತ್ತುವುದು ನಮ್ಮಲ್ಲಿ ಅಪರೂಪ. ಚಲುವಯ್ಯನಿಗೆ ಹೇಳಿದಾಗ ಮುಖ ಸಣ್ಣದು ಮಾಡಿದ.

'ಹೆಂಗ್ಸು ಬ್ಯಾಡ, ಸಾವ್ಕಾರ್ರೆ. ಒಬ್ಳು ಹತ್ತಿದ್ದು ಸಾಕು.'

'ಹಂಗಾದ್ರೆ ನೀನೇ ಹತ್ತು, ಮಾರಾಯ' ಅಂದೆ. ಈ ಮಾತು ಆಡಬಾರದಿತ್ತು. ಅವನು ತಲೆ ತಗ್ಗಿಸಿ ಹೋದ. ಮಾರನೆಯ ವಾರ ಭೂತಮ್ಮ ದವಡೆಯಲ್ಲಿ ಹೊಗೆಸೊಪ್ಪು ಒತ್ತಿಕೊಂಡು, ಗೋಣಿಚೀಲ, ಕತ್ತಿ ಹಿಡಿದು ಅವನ ಅಂಗಳದಲ್ಲಿ ಇಳಿದಳು. ದೆವ್ವಕ್ಕೆ ಹೆದರಿ ಕೂತ ಮನೆಗೆ ಭೂತಮ್ಮ ಬಂದಳು ಎಂದು ಅಂಗಡಿಯಲ್ಲಿ ಎಲ್ಲರೂ ನಕ್ಕೆವು.

ಬಂದವಳು ನೇರ ಏಣಿಯ ಹತ್ತಿರ ಹೋದಳು.

'ಹೆಂಗೂ ಹಿಡ್ಕಂಡಿದೀಯಲ್ಲ ಮಗ, ನಾನು ಹತ್ಲಾ?' ಎಂದು ಮೊದಲ ಮೆಟ್ಟಿಲಿಗೆ ಕಾಲು ಇಟ್ಟಳು. ಗಗನಾಳ ಕಣ್ಣು ಅಗಲವಾಯಿತು. ಹತ್ತು ತಿಂಗಳಲ್ಲಿ ಆ ಏಣಿ ಹತ್ತುತ್ತೇನೆ ಎಂದವರು ಯಾರೂ ಇರಲಿಲ್ಲ.

'ಹತ್ಬೇಡ!'

ಕೂಗಿದವನು ಚಲುವಯ್ಯ. ಅಷ್ಟು ಗಟ್ಟಿಯಾಗಿ ಅವನು ಕೂಗಿದ್ದನ್ನು ಮಗಳೂ ಕೇಳಿರಲಿಲ್ಲ. ಭೂತಮ್ಮ ಕಾಲು ತೆಗೆದಳು, ಅವನ ಮುಖ ನೋಡಿದಳು, ಕತ್ತಿಯ ಹಿಡಿಯಿಂದ ಬಿದಿರನ್ನು ಎರಡು ಸಲ ಕುಟ್ಟಿದಳು. ಗೆಣ್ಣಿನ ಸಣ್ಣ ತೂತಿನಿಂದ ಹಳದಿ ಹುಡಿ ಉದುರಿ ಗಗನಾಳ ಪಾದದ ಮೇಲೆ ಬಿತ್ತು. ಹುಡುಗಿ ಅದನ್ನು ನೋಡಲಿಲ್ಲ. ಅವಳ ಕಣ್ಣು ಯಾವಾಗಲೂ ಮೇಲೆ. ಭೂತಮ್ಮ ನೋಡಿದಳು. ಚಲುವಯ್ಯನೂ ನೋಡಿದ.

ಹುಡುಗಿಗೆ ಕೇಳಿಸದಷ್ಟು ದೂರ ಬಂದ ಮೇಲೆ ಅವಳು ಕೇಳಿದಳು: 'ಗೌಡ್ರೆ, ಆವತ್ತಿನ ಏಣೀನೂ ಇದ್ರ ಜೊತೆ ಕಡ್ದಿದ್ದಾ?'

ಚಲುವಯ್ಯ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ.

'ಮಗೀಗೆ ಗೊತ್ತಾ?'

ಅವನು ಕಣದ ಕಡೆ ಹೆಜ್ಜೆ ಹಾಕಿದ. ಅವಳು ಅಡ್ಡ ಬಂದು ನಿಂತಳು.

'ಕುಟ್ಟೆ ಹಿಡ್ದ ಏಣಿನ ಆಂಜನೇಯ ಹಿಡ್ಕಂಡಿದ್ರೂ ನಿಲ್ತಿರ್ಲಿಲ್ಲ. ನೀವು ಆ ಮಗೀನ ಹಿಡ್ಕಳಕ್ಕೆ ಬುಟ್ಟಿದೀರಲ್ಲ, ಗೌಡ್ರೆ!'

ಅವಳು ಅವತ್ತೇ ವಾಪಸ್ಸು ಹೋಗಬಹುದಿತ್ತು. ಹೋಗಲಿಲ್ಲ. ಅಮಾವಾಸ್ಯೆಗೆ ಬಿದಿರು ನಾನೇ ಕಡಿಯುತ್ತೇನೆ, ನೀರಲ್ಲಿ ನೆನೆಯುವವರೆಗೆ ಕಾಫಿ ಕುಯ್ಯುತ್ತೇನೆ, ಆದರೆ ನೀವು ಮಗಳಿಗೆ ಹೇಳುವ ತನಕ ಮೆಣಸಿನ ಮರಕ್ಕೆ ಕಾಲಿಡುವುದಿಲ್ಲ ಎಂದಳು. ಕಣದ ಪಕ್ಕದ ಸ್ಟೋರಿನಲ್ಲಿ ಒಲೆ ಹೂಡಿದಳು.

ಅಲ್ಲಿಂದ ಮುಂದಿನದ್ದು ಒಂದೂವರೆ ತಿಂಗಳು. ಚಲುವಯ್ಯ ಅಲ್ಲಿಯವರೆಗೆ ಮಗಳಿಗೆ ರೊಟ್ಟಿಯನ್ನು ಏಣಿಯ ಬುಡಕ್ಕೆ ಒಯ್ದು, ತುತ್ತು ಮಾಡಿ ಬಾಯಿಗೆ ಇಟ್ಟು, ತಾನು ಎಲ್ಲೋ ನಿಂತು ಏನೋ ತಿನ್ನುತ್ತಿದ್ದ. ಭೂತಮ್ಮ ಅಲ್ಲೇ ಚಾಪೆ ಹಾಸಿದಳು. 'ನಿಂತ್ಕಂಡು ತಿಂದ್ರೆ ಮೊಣಕಾಲಿಗೆ ಹೋಗ್ತೈತೆ, ಕೂತ್ಕಳಿ' ಎಂದು ಕೂರಿಸಿದಳು. ಗಗನಾ ಒಂದು ಕೈಯಲ್ಲಿ ಏಣಿ ಹಿಡಿದೇ ಇನ್ನೊಂದು ಕೈಯಲ್ಲಿ ತಿನ್ನಲು ಕಲಿತಳು. ತಾನಾಗಿ ಒಂದು ಕೈ ಬಿಟ್ಟದ್ದು ಅದೇ ಮೊದಲು.

ಒಂದು ದಿನ ಭೂತಮ್ಮ ಏನೋ ಹೇಳಿದಳು. ಅವಳ ಅಪ್ಪ ಜೇನು ಕೀಳಲು ಹೋಗಿ, ಮರದ ಮೇಲಿದ್ದ ಕರಡಿಗೆ 'ಸ್ವಲ್ಪ ಆಚೆ ಸರೀರಿ' ಅಂದದ್ದೋ ಏನೋ. ಚಲುವಯ್ಯ ನಕ್ಕುಬಿಟ್ಟ. ನಕ್ಕವನು ತಕ್ಷಣ ಬಾಯಿ ಮುಚ್ಚಿಕೊಂಡು ಏಣಿಯ ತುದಿಯ ಕಡೆ ನೋಡಿದ. ಭೂತಮ್ಮ ಅವನ ಕಣ್ಣು ಹೋದ ದಿಕ್ಕನ್ನು ನೋಡಿದಳು; ಅವಳ ನಗುವೂ ನಿಂತಿತು. ಮೂವರೂ ಸ್ವಲ್ಪ ಹೊತ್ತು ಮೇಲೇ ನೋಡಿದರಂತೆ. ಸಿಲ್ವರ್ ಎಲೆ, ಆಕಾಶ, ಅಷ್ಟೇ ಇದ್ದದ್ದು.

ಆ ದಿನಗಳಲ್ಲೇ ಅವನು ನನ್ನ ಅಂಗಡಿಗೆ ಬಂದು ಒಳ್ಳೆ ಹೊಗೆಸೊಪ್ಪು ಕೇಳಿದ. ಚಲುವಯ್ಯ ಎಲೆ ಅಡಿಕೆಯನ್ನೂ ಹಾಕುವವನಲ್ಲ.

'ಏನಪ್ಪ, ಹಲ್ಲು ನೋವಾ?' ಅಂದೆ.

'ಹ್ಞೂಂ' ಅಂದ.

'ಯಾರ ಹಲ್ಲು?'

ಕಿವಿ ಕೆಂಪಾಯಿತು. ಗಡ್ಡ ಬೇರೆ ಹೆರೆದಿದ್ದ. ನಲವತ್ತೈದರ ಗಂಡಸು, ಮಗಳ ಜೀವ ಹೋಗುತ್ತಾ ಬರುತ್ತಾ ಇರುವಾಗ, ಹೆಂಡತಿ ಸತ್ತು ವರ್ಷ ತುಂಬುವ ಮೊದಲು ಹೀಗೆ ಕಿವಿ ಕೆಂಪು ಮಾಡಿಕೊಂಡು ನಿಂತರೆ ಏನು ಹೇಳುವುದು? ಪೊಟ್ಟಣ ಕಟ್ಟಿ ಕೊಟ್ಟೆ. ಆದರೆ ಅವನು ಹೋಗಲಿಲ್ಲ. ಬೆಂಚಿನ ಮೇಲೆ ಕೂತ. ಗಿರಾಕಿಗಳೆಲ್ಲ ಕರಗಿದ ಮೇಲೆ ಎಲ್ಲವನ್ನೂ ಹೇಳಿದ: ಹುಣ್ಣಿಮೆ, ಬಿದಿರು, ಹುಡಿ, ಹಂಡೆ ಒಲೆ.

'ಹೇಳಿದ್ರೆ ಮಗ್ಳು ಹೋಗ್ತಾಳೆ. ಹೇಳ್ದಿದ್ರೂ ಹೋಗ್ತಾಳೆ. ಆ ಹೆಂಗ್ಸು ದಿನಾ ಮುಖ ನೋಡ್ತಾಳೆ, ಸಾವ್ಕಾರ್ರೆ. ಬಾಯಲ್ಲಿ ಏನೂ ಅನ್ನಾಕಿಲ್ಲ. ರೊಟ್ಟಿ ಇಡ್ತಾಳೆ, ಮುಖ ನೋಡ್ತಾಳೆ.'

ಎಲ್ಲಕ್ಕೂ ಒಂದು ದರ ಹೇಳುವ ನಾನು ಅವತ್ತು ಹೊಗೆಸೊಪ್ಪಿನ ದುಡ್ಡನ್ನೂ ಕೇಳಲಿಲ್ಲ. ಅವನನ್ನು ನೋಡಿ ನಕ್ಕಿದ್ದೆನಲ್ಲ ಇಷ್ಟು ವರ್ಷ, ಎತ್ತರಕ್ಕೆ ಹೆದರುವವನು ಎಂದು. ಅವನು ಹೆದರುತ್ತಿದ್ದದ್ದು ಅದೊಂದಕ್ಕೇ ಅಲ್ಲ.

ಹೊಸ ಬಿದಿರು ನೀರಿನಿಂದ ಹೊರಗೆ ಬಂತು. ಭೂತಮ್ಮ ಅದನ್ನು ಸವರಿ, ನೆರಳಲ್ಲಿ ಒಣಗಿಸಿ, ಗಗನಾ ನಿಂತ ಮರದ ಇನ್ನೊಂದು ಪಕ್ಕಕ್ಕೆ ತಂದು ಒರಗಿಸಿದಳು. ಒಂದೇ ಮರಕ್ಕೆ ಎರಡು ಏಣಿ. ಆಮೇಲೆ ಗಂಟು ಕಟ್ಟಿಕೊಂಡು ಅಂಗಳಕ್ಕೆ ಬಂದು ನಿಂತಳು.

'ಗೌಡ್ರೆ, ನನ್ ಕೆಲ್ಸ ಆಯ್ತು. ನೀವು ನಿಮ್ದು ಮಾಡಿದ್ರೆ ಇರ್ತೀನಿ. ಇಲ್ದಿದ್ರೆ ಮೂರ್ ಗಂಟೆ ಬಸ್ಸಿಗೆ ಹೋಗ್ತೀನಿ.'

ಚಲುವಯ್ಯ ಬಸ್ಸಿನ ಹೊತ್ತಿನವರೆಗೂ ಜಗಲಿಯಲ್ಲಿ ಕೂತಿದ್ದ. ಆಮೇಲೆ ಎದ್ದು ತೋಟಕ್ಕೆ ನಡೆದ. ಭೂತಮ್ಮ ಗಂಟಿನ ಸಮೇತ ಹಿಂದೆ ಹೋದಳು. ಅಲ್ಲಿ ನಡೆದದ್ದನ್ನು ಅವಳೇ ನನಗೆ ಹೇಳಿದ್ದು.

ಅವನು ಕತ್ತಿಯಿಂದ ಮಗಳು ಹಿಡಿದ ಏಣಿಯನ್ನು ಅವಳ ಕೈಯ ಒಂದು ಗೇಣು ಮೇಲೆ ಹೊಡೆದ. ಒಂದೇ ಏಟಿಗೆ ಬಾಯಿ ಬಿಟ್ಟಿತು. ಹುಡಿ ಹುಡುಗಿಯ ಕೈ ಮೇಲೆ, ಎದೆಯ ಮೇಲೆ ಸುರಿಯಿತು.

'ಇದು ನಾನು ಬೆಳ್ದಿಂಗಳಲ್ಲಿ ಕಡ್ದಿದ್ದು. ಅದೂ ಹಿಂಗೇ ಇತ್ತು. ನೀನು ಕೈ ಬುಟ್ಟಿದ್ದಕ್ಕಲ್ಲ ಮಗ. ಅದು ಮುರ್ದಿದ್ದು.'

ಗಗನಾ ಬಹಳ ಹೊತ್ತು ಆ ಹುಡಿಯನ್ನು ಬೆರಳಲ್ಲಿ ಉಜ್ಜಿದಳು.

'ಮುರುದ್ದು ಎಲ್ಲೈತೆ?'

'ಸುಟ್ಟೆ.'

'ಎಲ್ಲಿ?'

'ಹಂಡೆ ಒಲೇಲಿ.'

'ಯಾವಾಗ?'

'ಆವತ್ತೇ.'

'ಆ ನೀರಲ್ಲೇನಾ ಅವ್ವಂಗೆ ಮೀಯ್ಸಿದ್ದು?'

ಚಲುವಯ್ಯ ಇದನ್ನು ಎಂದೂ ಯೋಚಿಸಿರಲಿಲ್ಲವಂತೆ. ಒಂದು ವರ್ಷ ಎಲ್ಲವನ್ನೂ ಯೋಚಿಸಿದ್ದ, ಇದೊಂದನ್ನು ಬಿಟ್ಟು. ಹೆಣ ತೊಳೆಯಲು ಹೆಂಗಸರು ಬಿಸಿನೀರು ಕೇಳಿದ್ದರು. ಹಂಡೆ ತಾನಾಗಿ ಕಾದಿತ್ತು. ಯಾರೋ ಮೊಗೆದುಕೊಂಡು ಹೋಗಿದ್ದರು. ಅವನು ಅಲ್ಲೇ ನೆಲಕ್ಕೆ ಕೂತುಬಿಟ್ಟ.

ಗಗನಾ ಎರಡೂ ಕೈ ಬಿಟ್ಟಳು. ತುಂಡಾದ ಏಣಿ ನಿಧಾನವಾಗಿ ಕಾಫಿ ಗಿಡದ ಮೇಲೆ ಒರಗಿತು. ಅವಳು ಅಪ್ಪನನ್ನು ಸುತ್ತಿ ಬಂದು ಭೂತಮ್ಮನ ಗಂಟನ್ನು ಎತ್ತಿಕೊಂಡಳು, ಮನೆಯ ಕಡೆ ನಡೆದಳು. ಅವತ್ತು ಆರು ರೊಟ್ಟಿ ತಿಂದಳಂತೆ. ಅಪ್ಪನ ಹತ್ತಿರ ಮಾತಾಡಲಿಲ್ಲ.

ಅವತ್ತು ಎಂದರೆ ಅವತ್ತೊಂದೇ ದಿನ ಅಲ್ಲ. ಭೂತಮ್ಮ ಹೊಸ ಏಣಿ ಹತ್ತಿದಳು, ಗಗನಾ ಹಿಡಿದಳು; ಕೊಯ್ಲು ಮುಗಿಯಿತು. ಮುಂದಿನ ವರ್ಷ ಹುಡುಗಿ ಪ್ರೈವೇಟಾಗಿ ಪರೀಕ್ಷೆ ಕಟ್ಟಿ ಪಾಸಾದಳು. ಸಕಲೇಶಪುರದಲ್ಲಿ ಕಾಲೇಜು ಸೇರಿದಳು. ಎಲ್ಲ ಆಯಿತು, ಅಪ್ಪನ ಜೊತೆ ಮಾತೊಂದು ಬಿಟ್ಟು. ಏನು ಬೇಕಾದರೂ ಭೂತಮ್ಮನ ಮೂಲಕ. 'ಅವ್ರಿಗೆ ಹೇಳು, ಫೀಸು ಕಟ್ಬೇಕಂತೆ.' ಅವರು ಮೂರಡಿ ದೂರದಲ್ಲೇ ಕೂತಿರುತ್ತಿದ್ದರು.

ಭೂತಮ್ಮ ವಾಪಸ್ಸು ಬಿಸಿಲೆಗೆ ಹೋಗಿರಲಿಲ್ಲ. ಸ್ಟೋರಿನಲ್ಲೇ ಇದ್ದಳು. ಹಾನುಬಾಳಿನಲ್ಲಿ ಬಾಯಿಗಳಿಗೆ ಬರ ಇಲ್ಲ. ಅವಳ ಜಾತಿ ಯಾವುದು, ಸ್ಟೋರಿನ ಬಾಗಿಲು ಯಾವ ಕಡೆ ಎಂದೆಲ್ಲ ವಿಚಾರಣೆ ನಡೆಯುತ್ತಿತ್ತು. ಕೊನೆಗೆ ಚಲುವಯ್ಯ ಅವಳನ್ನು ಮದುವೆಗೆ ಕೇಳಿಯೇ ಬಿಟ್ಟ. ಎದುರು ನಿಂತು ಕೇಳುವ ಧೈರ್ಯ ಎಲ್ಲಿಂದ ಬಂತೋ ಕಾಣೆ.

'ನಂಗೂ ಮನ್ಸೈತೆ' ಅಂದಳು ಅವಳು, ನಾಚಿಕೆ ಗೀಚಿಕೆ ಇಲ್ಲದೆ. 'ಆದ್ರೆ ಮಗ್ಳು ಒಪ್ಲಿ.'

ಮಗಳು ರಜೆಗೆ ಬಂದಾಗ ಭೂತಮ್ಮನೇ ಕೇಳಿದಳು. ಗಗನಾ ಅಪ್ಪನ ಕಡೆ ತಿರುಗಲೂ ಇಲ್ಲ.

'ನೀನು ಬಾ. ಅವ್ವನ್ನೂ ಹಾಕ್ಕಂಡು ಬಾ.'

ನಮ್ಮ ಕಡೆ ಕೆಲವು ಮನೆಗಳಲ್ಲಿ ಹಳೆಯ ರೂಢಿ ಇದೆ. ಹೆಂಡತಿ ಸತ್ತವನು ಮತ್ತೆ ಮದುವೆಯಾದರೆ, ಸತ್ತವಳ ಹೆಸರಲ್ಲಿ ಒಂದು ಬಿಲ್ಲೆ ಮಾಡಿಸಿ ಹೊಸಬಳ ತಾಳಿಯ ಪಕ್ಕದಲ್ಲಿ ಕಟ್ಟುತ್ತಾರೆ. ಮೊದಲನೆಯವಳು ಮುನಿಯದಿರಲಿ ಎಂದು. ಈಗಿನವರು ಅದನ್ನು ಬಿಟ್ಟಿದ್ದಾರೆ, ಚಲುವಯ್ಯನೂ ಬಿಡುತ್ತಿದ್ದನೇನೋ. ಗಗನಾ ಅವ್ವನ ಬೆಳ್ಳಿ ಗೆಜ್ಜೆಯನ್ನು ತಾನೇ ಸಕಲೇಶಪುರದ ಆಚಾರಿಯ ಹತ್ತಿರ ಒಯ್ದು ಕರಗಿಸಿ, ಎಂಟಾಣೆ ಅಗಲದ ಬಿಲ್ಲೆ ಮಾಡಿಸಿ ತಂದಳು. ಅದರ ಮೇಲೆ ಒಂದು ಹೆಣ್ಣಿನ ಮುಖ. ಆಚಾರಿ ಸುಲೋಚನಮ್ಮನನ್ನು ಕಂಡವನಲ್ಲ, ಆದರೂ ಹುಬ್ಬು ಎತ್ತಿದ್ದು ಅವಳ ಹಾಗೇ ಇತ್ತು. ತಾಳಿ ಕಟ್ಟಿದವನು ಚಲುವಯ್ಯ. ಬಿಲ್ಲೆ ಕಟ್ಟಿದವಳು ಮಗಳು.

ಎರಡು ವರ್ಷ ಚಲುವಯ್ಯ ಹೆಂಡತಿಯ ಜೊತೆ ಹಣೆ ನೋಡಿ ಮಾತಾಡಿದ. ಕಣ್ಣು ಗಲ್ಲದಿಂದ ಕೆಳಗೆ ಇಳಿಯುತ್ತಿರಲಿಲ್ಲ. ಅವಳು ಬಗ್ಗಿ ಬಡಿಸಿದರೆ ಬಿಲ್ಲೆ ತೂಗಾಡುತ್ತಿತ್ತು. ಅವನು ತಟ್ಟೆಯನ್ನು ಓರೆ ಮಾಡಿಕೊಳ್ಳುತ್ತಿದ್ದ. ಸೆರಗಿನ ಒಳಗೆ ಸೇರಿಸಿಕೋ ಎಂದು ಒಮ್ಮೆ ಕೇಳಿದನಂತೆ. 'ಸೆಕೆ ಆಗ್ತೈತೆ ಅವ್ಳಿಗೆ' ಅಂದಳಂತೆ ಭೂತಮ್ಮ.

ಇತ್ತೀಚೆಗೆ ಮೆಣಸು ನೋಡಲು ಹೋಗಿದ್ದೆ. ಊಟದ ಹೊತ್ತು, ಬಿಡಲಿಲ್ಲ, ನನಗೂ ಮಣೆ ಹಾಕಿದರು. ಗಗನಾ ಕಾಲೇಜಿನಿಂದ ಬಂದಿದ್ದಳು. ಕಡ್ಡಿಯಾಗಿದ್ದ ಮುಂಗೈ ತುಂಬಿಕೊಂಡಿದೆ. ಭೂತಮ್ಮ ಸಾರಿನ ಪಾತ್ರೆ ಹಿಡಿದು ಬಗ್ಗಿದಳು. ಚಲುವಯ್ಯನ ಕಣ್ಣು ಅಭ್ಯಾಸದಂತೆ ಗೋಡೆಯ ಕಡೆ ಹೋಯಿತು.

'ಅಪ್ಪ' ಅಂದಳು ಗಗನಾ.

ನಾಲ್ಕು ವರ್ಷದ ಮೇಲೆ. ಭೂತಮ್ಮನ ಕೈಯ ಸೌಟು ನಿಂತಿತು.

'ಅವ್ವನ್ನ ನೋಡು. ನಂಗೆ ಹೇಳ್ದೆ, ಸಾವ್ಕಾರ್ರಿಗೆ ಹೇಳ್ದೆ. ಅವ್ಳಿಗೆ ಹೇಳಿದ್ಯಾ?'

ಅವನು ನೋಡಿದ. ಭೂತಮ್ಮ ಬಗ್ಗಿದವಳು ಬಗ್ಗಿದ ಹಾಗೇ ಇದ್ದಳು, ಬಿಲ್ಲೆ ಅವನ ಮುಖದ ನೇರಕ್ಕೆ. ಅದು ಅಲ್ಲಾಡುವುದು ನಿಲ್ಲುವವರೆಗೂ ಕಾದ. ನಾನು ತಟ್ಟೆ ನೋಡುತ್ತಾ ಕೂತೆ.

'ನಾನೇ ಕಣೇ' ಅಂದ ಚಲುವಯ್ಯ. 'ನಾನೇ.'

ಭೂತಮ್ಮ ಏನನ್ನೋ ಕೇಳಿಸಿಕೊಳ್ಳುವವಳಂತೆ ಸ್ವಲ್ಪ ಹೊತ್ತು ತಲೆ ಓರೆ ಮಾಡಿದ್ದಳು. ಆಮೇಲೆ ಅವನ ಅನ್ನಕ್ಕೆ ಸಾರು ಹಾಕಿದಳು.

'ಕೇಳುಸ್ತಂತೆ. ಉಣ್ಣು, ಆರೋಗ್ತೈತೆ.'